ಬೆನ್ನಿಗಿರುವ ಕೈ

ಹಿಂದಕ್ಕೆ ನೆಗೆದು, ಅಂಗೈಗಳನ್ನೂರಿ, ಮರಳಿ ಕಾಲಮೇಲೆ ನಿಲ್ಲುವ ಲಾಗವನ್ನು ಕಲಿಯುತ್ತಿರುವ ಬಾಲಿಕೆಯನ್ನು ನೋಡಿರಿ. ಗುರುವಿನ ಕೈ ಬೆನ್ನಿಗಿರುವ ತನಕ ಅವಳು ನಿರ್ಭಯಳು. ಆ ಕೈ ಸರಿದೊಡನೆ ಅವಳ ಕಾಲುಗಳು ನೆಲಕ್ಕಂಟಿಕೊಳ್ಳುವುವು. ಇದನ್ನು ಹೇಡಿತನವೆಂದು ಹೀಯಾಳಿಸುವುದು ತಪ್ಪು. ಕಣ್ಣಿಗೆ ಕಾಣದೆಡೆಗೆ ದೇಹವನ್ನು ಒಪ್ಪಿಸುವಾಗ ಅಂಜಿಕೆಯು ಸಹಜವೇ ಸರಿ.

ಇದಕ್ಕೆ ಉಪಾಯವು ಆಧಾರವನ್ನು ಮೆಟ್ಟಿಲುಮೆಟ್ಟಿಲಾಗಿ ಕುಗ್ಗಿಸುವುದು. ಮೊದಲು ಇಳಿಜಾರಾದ ಮೆತ್ತೆಯ ಮೇಲೆ ಸಾಧನೆ. ಬಳಿಕ ಸಮನೆಲದಲ್ಲಿ ಬೆನ್ನಿಗೆ ಪೂರ್ಣಹಸ್ತ. ಆಮೇಲೆ ಬೆರಳ ಸ್ಪರ್ಶಮಾತ್ರ. ಕಡೆಗೆ, ಬಲ್ಲ ಗುರುವು ಮುಟ್ಟದೆ ಪಕ್ಕದಲ್ಲಿ ನಿಂತರೆ ಸಾಕು. ಆದರೆ ಹಿಡಿಯುವೆನೆಂದು ನಂಬಿಸಿ ಕೈಬಿಡಲಾಗದು. ಒಮ್ಮೆ ಕೆಟ್ಟ ನಂಬಿಕೆಯು ಸುಲಭವಾಗಿ ಮರಳದು.

ಒಂದು ಮೆಟ್ಟಿಲು ಹಿಂದಕ್ಕಿಳಿಯುವುದೂ ಸೋಲಲ್ಲ. 2021ರಲ್ಲಿ ಟೋಕಿಯೋದ ಒಲಿಂಪಿಕ್ ಕೂಟದಲ್ಲಿ, ಅಮೇರಿಕೆಯ ಜಗದ್ವಿಖ್ಯಾತ ಅಂಗಸಾಧಕಿ ಸಿಮೋನ್ ಬೈಲ್ಸ್ ಎಂಬಾಕೆಯು, ಗಾಳಿಯಲ್ಲಿ ತಿರುಗುವಾಗ ತನ್ನ ದೇಹದ ನೆಲೆಯೇ ತಿಳಿಯದಂತಾಗಿ, ತಂಡದ ಸ್ಪರ್ಧೆಯಿಂದ ಹಿಂದೆ ಸರಿದಳು. ಒಂದು ವಾರದ ಬಳಿಕ, ಮೈ ತಿರುಚಬೇಕಾಗಿಲ್ಲದ ಸುಲಭವಾದ ಇಳಿತವನ್ನು ಆಯ್ದುಕೊಂಡು, 4 ಅಂಗುಲ ಅಗಲದ ತೊಲೆಯ ಮೇಲಣ ಸ್ಪರ್ಧೆಯಲ್ಲಿ ಕಂಚಿನ ಪದಕವನ್ನು ಪಡೆದಳು.

ಆದುದರಿಂದ ತಾಯ್ತಂದೆಗಳೇ, ಮಗಳು ಮನೆಗೆ ಬಂದೊಡನೆ "ಇಂದಾದರೂ ಒಬ್ಬಳೇ ಹಾಕಿದೆಯಾ?" ಎಂದು ಕೇಳಬೇಡಿರಿ. "ಇಂದು ಯಾವ ಮೆಟ್ಟಿಲಿನಲ್ಲಿರುವೆ?" ಎಂದು ಕೇಳಿರಿ. ಗುರುವಿನ ಕೈ ಇನ್ನು ಬೇಡವೆನ್ನುವ ದಿನವನ್ನು ಅವಳೇ ಆರಿಸಲಿ. ಅಂದು ಹಾಕಿದ ಲಾಗವು ಪೂರ್ಣವಾಗಿ ಅವಳದೇ ಆಗಿರುವುದು.