ಆರ್ಟಿಕಲ್‌ಶಿಪ್ ಸಂದರ್ಶನಕ್ಕೆ ಅಂಗಡಿಯ ಖಾತೆಪುಸ್ತಕ

ವರ್ತಕರು ತಮ್ಮ ಊರಿನ ಲೆಕ್ಕಪರಿಶೋಧಕರಲ್ಲಿ ಒಂದು ಮಾತು ಹೇಳಿದರೆ ಮಕ್ಕಳಿಗೆ ಆರ್ಟಿಕಲ್‌ಶಿಪ್ ದೊರೆಯುತ್ತಿದ್ದ ಕಾಲವೊಂದಿತ್ತು. ಈಗ ಬೆಂಗಳೂರಿನ ದೊಡ್ಡ ಸಂಸ್ಥೆಗಳಲ್ಲಿ ಸ್ಥಾನ ಬಯಸುವವರು ಸಂದರ್ಶನದ ಸುತ್ತುಗಳನ್ನು ದಾಟಬೇಕಾಗಿದೆ. 2023ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಯೋಜನೆಯಂತೆ ಸಿ.ಎ. ಪ್ರಾಯೋಗಿಕ ತರಬೇತಿಯ ಅವಧಿ ಮೂರರಿಂದ ಎರಡು ವರ್ಷಕ್ಕೆ ಇಳಿದಿದ್ದು, ಇಂಟರ್‌ಮೀಡಿಯೇಟ್‌ನ ಎರಡೂ ಗುಂಪುಗಳಲ್ಲಿ ತೇರ್ಗಡೆಯಾದ ನಂತರವಷ್ಟೇ ಪ್ರವೇಶ. ಹೀಗಾಗಿ ಫಲಿತಾಂಶ ಬಂದೊಡನೆ ಎಲ್ಲರೂ ಒಮ್ಮೆಲೇ ಅರ್ಜಿ ಹಿಡಿದು ಹೊರಡುತ್ತಾರೆ.

ಬಹುಪಾಲು ವಿದ್ಯಾರ್ಥಿಗಳ ಸಿದ್ಧತೆಯೆಂದರೆ ಲೆಕ್ಕಪತ್ರ ಮಾನಕಗಳ ಕಂಠಪಾಠ, ಎಕ್ಸೆಲ್ ಅಭ್ಯಾಸ ಹಾಗೂ ಗೆಳೆಯರೊಡನೆ ಅಣಕು ಸಂದರ್ಶನ. ಇವು ಬೇಕಾದವೇ. ಆದರೆ ಅನೇಕರು ಎಡವುವುದು ಸರಳ ಪ್ರಶ್ನೆಯಲ್ಲಿ: "ಲಾಭವಿದ್ದೂ ಬ್ಯಾಂಕಿನಲ್ಲಿ ಹಣವಿಲ್ಲ, ಏಕೆ?"

ವರ್ಷದ ಲಾಭ 5 ಲಕ್ಷ ರೂಪಾಯಿ ಎನ್ನೋಣ. ಗ್ರಾಹಕರಿಂದ ಬರಬೇಕಾದ ಬಾಕಿ 6 ಲಕ್ಷ ಹೆಚ್ಚಿದೆ, ದಾಸ್ತಾನು 3 ಲಕ್ಷ ಹೆಚ್ಚಿದೆ, ಸರಬರಾಜುದಾರರಿಗೆ ಕೊಡಬೇಕಾದುದು 2 ಲಕ್ಷ ಹೆಚ್ಚಿದೆ. ಸವಕಳಿಯನ್ನು ಬದಿಗಿಟ್ಟರೆ ವ್ಯವಹಾರದಿಂದ ಬಂದ ನಗದು ಸೊನ್ನೆಗಿಂತಲೂ 2 ಲಕ್ಷ ಕಡಿಮೆ! ಉದ್ದರಿ ವ್ಯಾಪಾರ ಮಾಡಿದ ಯಾವ ವರ್ತಕನಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಶೇಕಡಾ ತೊಂಬತ್ತು ಅಂಕ ಪಡೆದ ಅವನ ಮಗಳು ಮಾತ್ರ ಉತ್ತರಿಸಲು ತಡವರಿಸುತ್ತಾಳೆ. ಏಕೆಂದರೆ ಅಂಗಡಿಯ ಖಾತೆಯನ್ನು ಅವಳಿಗೆ ಯಾರೂ ತೋರಿಸಿಲ್ಲ.

ಸವಕಳಿಯ ಪ್ರಶ್ನೆಯೂ ಸಾಮಾನ್ಯ. ಸವಕಳಿ 10 ಲಕ್ಷ ಹೆಚ್ಚಿ, ತೆರಿಗೆ ಶೇ. 30ರಷ್ಟಿದ್ದು, ಅಷ್ಟೂ ಮೊತ್ತ ತೆರಿಗೆಗೂ ಕಳೆಯಲು ಬಂದರೆ ಲಾಭ 7 ಲಕ್ಷ ಇಳಿಯುತ್ತದೆ, ಉಳಿದ ತೆರಿಗೆಯಿಂದ ನಗದು 3 ಲಕ್ಷ ಏರುತ್ತದೆ. ಅಢಾವೆ ಪತ್ರಿಕೆಯಲ್ಲಿ ಯಂತ್ರೋಪಕರಣ 10 ಲಕ್ಷ ಇಳಿದು ನಗದು 3 ಲಕ್ಷ ಏರಿದರೆ, ಎದುರು ಬದಿಯಲ್ಲಿ ಬಂಡವಾಳ 7 ಲಕ್ಷ ಇಳಿದು ಎರಡೂ ಬದಿ ಸರಿಹೊಂದುತ್ತವೆ. ಉತ್ತರ ಉರುಹೊಡೆದವರು ಕೊನೆಯ ಹೆಜ್ಜೆಯಲ್ಲಿ ಸಿಕ್ಕಿಬೀಳುತ್ತಾರೆ.

ಕಾನೂನಿನ ಪ್ರಶ್ನೆಗಳೂ ಪುಸ್ತಕದಿಂದ ಹೊರಗೆ ಬರುತ್ತಿವೆ. ಅತಿಸಣ್ಣ ಹಾಗೂ ಸಣ್ಣ ಉದ್ದಿಮೆಗಳಿಗೆ ಲಿಖಿತ ಒಪ್ಪಂದವಿದ್ದರೆ ಗರಿಷ್ಠ 45 ದಿನಗಳಲ್ಲಿ, ಇಲ್ಲದಿದ್ದರೆ 15 ದಿನಗಳಲ್ಲಿ ಹಣ ಸಂದಾಯವಾಗಬೇಕು. 2023-24ನೇ ಆರ್ಥಿಕ ವರ್ಷದಿಂದ ಅನ್ವಯವಾದ ಆದಾಯ ತೆರಿಗೆ ನಿಯಮದಂತೆ, ಗಡುವು ಮೀರಿ ಮುಂದಿನ ವರ್ಷ ಪಾವತಿಸಿದ ಖರ್ಚನ್ನು ಪಾವತಿಸಿದ ವರ್ಷದಲ್ಲಿ ಮಾತ್ರ ಕಳೆಯಬಹುದು. ತಂದೆಯ ಕಾರ್ಖಾನೆಯ ಬಾಕಿ ಪಟ್ಟಿಯನ್ನು ದಿನಾಂಕವಾರು ವಿಂಗಡಿಸಿದ ವಿದ್ಯಾರ್ಥಿ ಇದನ್ನು ಎರಡು ವಾಕ್ಯಗಳಲ್ಲಿ ವಿವರಿಸಬಲ್ಲ. ಜಿ.ಎಸ್.ಟಿ. ಹೂಡುವಳಿ ತೆರಿಗೆ ಜಮೆಯನ್ನು ಜಿ.ಎಸ್.ಟಿ.ಆರ್.-2ಬಿ ಜೊತೆ ತಾಳೆ ನೋಡಿದವನೂ ಅಷ್ಟೇ.

ಇಂಗ್ಲಿಷಿನ ಅಳುಕು ಸಣ್ಣ ಊರಿನ ಮಕ್ಕಳನ್ನು ಕಾಡುವುದು ನಿಜ. ಆದರೆ ಸ್ವತಃ ಮಾಡಿದ ಕೆಲಸವನ್ನು ಹೇಳುವಾಗ ಆ ಅಳುಕು ಬಹುಮಟ್ಟಿಗೆ ಕರಗುತ್ತದೆ. ರೆಸ್ಯೂಮೆಯಲ್ಲಿ ಬರೆದ ಪ್ರತಿ ಸಾಲಿಗೂ ಪ್ರಶ್ನೆ ಬರುವುದರಿಂದ, ಮಾಡದ ಕೆಲಸವನ್ನು ಅಲ್ಲಿ ಸೇರಿಸದಿರುವುದು ಕ್ಷೇಮ.

ಇಂಟರ್‌ಮೀಡಿಯೇಟ್ ಪರೀಕ್ಷೆ ಮುಗಿದು ಫಲಿತಾಂಶ ಬರುವವರೆಗಿನ ವಾರಗಳು ಸಾಮಾನ್ಯವಾಗಿ ವ್ಯರ್ಥವಾಗುತ್ತವೆ. ಆ ಬಿಡುವಿನಲ್ಲಿ ಒಂದು ತಿಂಗಳ ಬ್ಯಾಂಕ್ ತಾಳೆ ಪಟ್ಟಿ, ಒಂದು ದಾಸ್ತಾನು ಎಣಿಕೆ, ಒಂದು ಬಾಕಿ ಪಟ್ಟಿ, ಇಷ್ಟನ್ನು ಮಕ್ಕಳಿಗೆ ವಹಿಸಿಕೊಡಲು ಅಂಗಡಿಯ ಗುಮಾಸ್ತರ ಒಪ್ಪಿಗೆಯೊಂದಿದ್ದರೆ ಸಾಕು; ಅವರೂ ಬೇಡವೆನ್ನಲಾರರು.