ಹೈಡ್ರೋಜನ್‌ನ ಹದಿಮೂರು ಅಂಕಿ

ಹೈಡ್ರೋಜನ್ ಪರಮಾಣುವಿನಲ್ಲಿ ಇರುವುದು ಒಂದು ಪ್ರೋಟಾನ್, ಒಂದು ಎಲೆಕ್ಟ್ರಾನ್, ಅಷ್ಟೆ. ಎರಡೂ ಪುಟ್ಟ ಅಯಸ್ಕಾಂತಗಳು. ಎರಡರ ಗಿರಕಿಯೂ ಒಂದೇ ದಿಕ್ಕಿಗಿದ್ದರೆ ಪರಮಾಣುವಿನ ಶಕ್ತಿ ಕೂದಲೆಳೆಯಷ್ಟು ಹೆಚ್ಚು, ಎದುರುಬದುರಾದರೆ ಕಡಿಮೆ. ಮೇಲಿನ ಸ್ಥಿತಿಯಿಂದ ಕೆಳಕ್ಕಿಳಿಯುವಾಗ 21 ಸೆಂಟಿಮೀಟರ್ ಉದ್ದದ ರೇಡಿಯೊ ಅಲೆ ಹೊರಬೀಳುತ್ತದೆ. ಹೈಪರ್‌ಫೈನ್ ಎಂದು ಕರೆಯಲಾಗುವ ಈ ಅಲೆಯ ಕಂಪನ ಸೆಕೆಂಡಿಗೆ 142,04,05,751.768. ನೂರಾ ನಲವತ್ತೆರಡು ಕೋಟಿ ದಾಟಿದ ಲೆಕ್ಕದಲ್ಲಿ ದಶಾಂಶದ ಆಚೆಗೂ ಮೂರು ಸ್ಥಾನ!

1947ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನಿ ರಾಬಿ ಮತ್ತು ಸಂಗಡಿಗರು ಇದನ್ನು ಅಳೆದಾಗ ಉತ್ತರ ಸಿದ್ಧಾಂತಕ್ಕಿಂತ ಸಾವಿರದಲ್ಲಿ ಎರಡು-ಮೂರು ಪಾಲು ಹೆಚ್ಚು ಬಂತು. ಅಳತೆಯ ತಪ್ಪೆಂದು ಅವರು ತಳ್ಳಿಹಾಕಲಿಲ್ಲ. ಎಲೆಕ್ಟ್ರಾನಿನ ಅಯಸ್ಕಾಂತ ಬಲವೇ ಅಂದುಕೊಂಡದ್ದಕ್ಕಿಂತ ತುಸು ಹೆಚ್ಚೆಂದು ಮರುವರ್ಷ ಶ್ವಿಂಗರ್ ಲೆಕ್ಕ ಹಾಕಿ ತೋರಿಸಿದರು.

ಹದಿಮೂರು ಅಂಕಿಗಳ ನಿಖರತೆ ದಕ್ಕಿದ್ದು ಹೈಡ್ರೋಜನ್ ಮೇಸರ್ ಎಂಬ ಉಪಕರಣದಿಂದ. 1960ರಲ್ಲಿ ಹಾರ್ವರ್ಡ್‌ನ ರ‍್ಯಾಮ್ಸೆ, ಕ್ಲೆಪ್ನರ್, ಗೋಲ್ಡನ್‌ಬರ್ಗ್ ಇದನ್ನು ಕಟ್ಟಿದರು. ಸಿಲಿಂಡರಿನಿಂದ ಬರುವ ಅನಿಲವನ್ನು ವಿದ್ಯುತ್ತಿನಿಂದ ಒಂಟಿ ಪರಮಾಣುಗಳಾಗಿ ಒಡೆಯುತ್ತಾರೆ. ಆರು ಧ್ರುವಗಳ ಅಯಸ್ಕಾಂತವೊಂದು ಹೆಚ್ಚು ಶಕ್ತಿಯವನ್ನು ಆರಿಸಿ ಗಾಜಿನ ಬುರುಡೆಯೊಳಗೆ ತಳ್ಳುತ್ತದೆ. ಬುರುಡೆಯ ಒಳಮೈಗೆ ಟೆಫ್ಲಾನ್ ಲೇಪ, ನಮ್ಮ ನಾನ್‌ಸ್ಟಿಕ್ ತವೆಗೆ ಬಳಿಯುವುದೂ ಅದೇ ವಸ್ತು. ಪರಮಾಣು ಸಾವಿರಾರು ಸಲ ಗೋಡೆಗೆ ಬಡಿದರೂ ತನ್ನ ಗಿರಕಿಯನ್ನು ಕೆಡಿಸಿಕೊಳ್ಳದೆ ಸುಮಾರು ಒಂದು ಸೆಕೆಂಡ್ ಉಳಿಯುತ್ತದೆ. ಎಷ್ಟು ಹೊತ್ತು ನೋಡಲು ಸಿಗುತ್ತದೋ ಅಷ್ಟು ಸ್ಪಷ್ಟವಾಗಿ ಕಂಪನ ಎಣಿಸಬಹುದು. ಗೋಡೆಯ ಬಡಿತ ಕಂಪನವನ್ನು ಚೂರು ಕದಲಿಸುವುದು ನಿಜ. ಅದಕ್ಕೇ ಬೇರೆ ಬೇರೆ ಗಾತ್ರದ ಬುರುಡೆಗಳಲ್ಲಿ ಅಳೆದು, ಗೋಡೆಯೇ ಇಲ್ಲದಿದ್ದರೆ ಎಷ್ಟಿರುತ್ತಿತ್ತು ಎಂದು ಲೆಕ್ಕ ಕಟ್ಟಿದರು. ಈ ಅಳತೆಯ ಮುಂದೆ ಸಿದ್ಧಾಂತ ಇನ್ನೂ ಬಹಳ ಹಿಂದಿದೆ: ಪ್ರೋಟಾನ್ ಬರೀ ಚುಕ್ಕೆಯಲ್ಲ, ಅದರ ಒಳರಚನೆ ಲೆಕ್ಕಕ್ಕೆ ಸುಲಭವಾಗಿ ಸಿಗುವುದಿಲ್ಲ.

ಪ್ರಯೋಗಾಲಯದ ಈ ಸಂಖ್ಯೆಯೇ ಆಕಾಶದ ಅಳತೆಗೋಲು. ವಿಶ್ವ ಹಿಗ್ಗಿದಷ್ಟೂ ಅಲೆಯೂ ಹಿಗ್ಗುತ್ತದೆ. ಮೊದಲ ನಕ್ಷತ್ರಗಳು ಹೊತ್ತಿಕೊಂಡ ಕಾಲದ ಹೈಡ್ರೋಜನ್ ಅಲೆ ನಮ್ಮನ್ನು ಮುಟ್ಟುವಷ್ಟರಲ್ಲಿ ಹಲವು ಮೀಟರ್ ಉದ್ದವಾಗಿರುತ್ತದೆ. ಆಸ್ಟ್ರೇಲಿಯಾದಲ್ಲಿಟ್ಟ ಎಡ್ಜಸ್ ಉಪಕರಣಕ್ಕೆ 78 ಮೆಗಾಹರ್ಟ್ಸ್ ಸುತ್ತ ಅದರ ಗುರುತು ಸಿಕ್ಕಿತೆಂದು 2018ರಲ್ಲಿ ಸುದ್ದಿಯಾಯಿತು. ಅದನ್ನು ಪರೀಕ್ಷೆಗೆ ಒಡ್ಡಿದವರು ನಮ್ಮ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು.

ಅವರ ಸರಸ್-3 ಆಂಟೆನಾ ನೆಲದ ಮೇಲೆ ನಿಲ್ಲಲಿಲ್ಲ, ತೆಪ್ಪದ ಮೇಲೆ ತೇಲಿತು. ಯಾಕೆಂದು ಬೀದರಿನವರಿಗೆ ಬೇಗ ಅರ್ಥವಾದೀತು, ಅವರ ನೆಲದಡಿ ಇರುವುದು ಪದರಗಳು. ನೌಬಾದಿನ ಸುರಂಗ ಬಾವಿ ಬಹಮನಿ ಕಾಲದಿಂದ ಹರಿದದ್ದೇ ಮೇಲಿನ ಕೆಂಪು ಜಂಬಿಟ್ಟಿಗೆ ಕಲ್ಲು ಮತ್ತು ಕೆಳಗಿನ ಕರಿಗಲ್ಲು ಕೂಡುವ ಗೆರೆಯಲ್ಲಿ. ಔರಾದಿನ ಎರೆ ಹೊಲದಡಿಯೂ ಕರಿಗಲ್ಲಿನ ಹಾಸು. ರೇಡಿಯೊ ಅಲೆ ನೆಲದೊಳಕ್ಕೆ ಇಳಿದು ಇಂಥ ಪದರಗಳಿಂದ ಪುಟಿದು ಬಂದರೆ ಅಳತೆ ಕಲಬೆರಕೆಯಾಗುತ್ತದೆ. ಆಳವಾದ ನೀರು ಎಲ್ಲೆಡೆ ಒಂದೇ ಸಮ. 2020ರ ಆರಂಭದಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ದಂಡಿಗಾನಹಳ್ಳಿ ಕೆರೆಯಲ್ಲೂ ಶರಾವತಿಯ ಹಿನ್ನೀರಿನಲ್ಲೂ ಆಂಟೆನಾವನ್ನು ತೇಲಿಬಿಟ್ಟರು. 2022ರಲ್ಲಿ ಫಲಿತಾಂಶ ಪ್ರಕಟವಾಯಿತು: ಎಡ್ಜಸ್ ತಂಡದವರು ಕಂಡ ಆ ಆಕಾರದ ಸಂಕೇತ ಇಲ್ಲ, ವಿಶ್ವಾಸ ಮಟ್ಟ ಶೇ. 95.3. ದೊಡ್ಡ ಸುದ್ದಿಯನ್ನು ಕರ್ನಾಟಕದ ಎರಡು ನೀರಿನ ಹರವುಗಳು ಒರೆಗೆ ಹಚ್ಚಿದ ಈ ಕೆಲಸ ನಮ್ಮ ಶಾಲೆಗಳ ಪಾಠವಾಗಬೇಕು. ಭಾಲ್ಕಿಯ ಕಾರಂಜಾ ಹಿನ್ನೀರಿನಲ್ಲೂ ಇಂಥದ್ದೊಂದು ತೆಪ್ಪ ತೇಲಲಿ ಎಂಬುದು ನನ್ನ ಆಸೆ.

ಕೆರೆಯ ನಡುವೆ ಹೋದರೂ ಎಫ್‌ಎಂ ಕೇಂದ್ರಗಳ ಗದ್ದಲ ಬೆನ್ನು ಬಿಡುವುದಿಲ್ಲ, ಅವು 88 ಮೆಗಾಹರ್ಟ್ಸ್‌ನಿಂದಲೇ ಶುರು. ಹಾಗಾಗಿ ಪ್ರತುಷ್ ಎಂಬ ಉಪಕರಣವನ್ನು ಚಂದ್ರನ ಸುತ್ತ ಸುತ್ತಿಸಿ, ಭೂಮಿ ಮರೆಯಾಗುವ ಆಚೆಬದಿಯಲ್ಲಿ ಅದೇ ಅಲೆಯನ್ನು ಹುಡುಕುವ ಯೋಜನೆಯನ್ನು ಆ ಸಂಸ್ಥೆ ಈಗ ಹಾಕಿಕೊಂಡಿದೆ.