ಶವಾಗಾರದ ಸಿಬ್ಬಂದಿಗೆ ಎಚ್‌ಐವಿಗಿಂತ ಹೆಪಟೈಟಿಸ್ ಬಿ ಭಯವೇ ದೊಡ್ಡದು

ತಾಲೂಕು ಆಸ್ಪತ್ರೆ ಶವಾಗಾರದ ಮುಂದೆ ಕಾಯುವವರ ಬಾಯಲ್ಲಿ ಒಂದೇ ಮಾತು: ‘ಸಾರ್, ಬೇಗ ಮುಗಿಸಿ ಕೊಡಿ’. ದುಃಖದಲ್ಲಿರುವವರು ಹಾಗೆ ಕೇಳೋದು ಸಹಜ. ಆದರೆ ಒಳಗೆ ಅವಸರ ಆದಷ್ಟೂ ಕೈ ಕೊಯ್ದುಕೊಳ್ಳುವ ಅಪಾಯ ಹೆಚ್ಚು.

ಪೋಸ್ಟ್‌ಮಾರ್ಟಂ ವೈದ್ಯರ ಜವಾಬ್ದಾರಿ. ಆದರೆ ಅನೇಕ ಕಡೆ ಎದೆಗೂಡು ಬಿಚ್ಚುವುದು, ತಲೆಬುರುಡೆ ಕೊಯ್ಯುವುದು, ಕೊನೆಗೆ ಹೊಲಿಗೆ ಹಾಕುವುದು ಸಹಾಯಕ ಸಿಬ್ಬಂದಿಯೇ. ಚಾಕು, ಸೂಜಿ ಮಾತ್ರವಲ್ಲ, ಕತ್ತರಿಸಿದ ಪಕ್ಕೆಲುಬಿನ ತುದಿಯೂ ಗ್ಲೌಸ್ ಹರಿದು ಚುಚ್ಚುತ್ತದೆ. ಅಪಘಾತದ ಶವವಾದರೆ ಗಾಜಿನ ಚೂರೂ ಇರುತ್ತದೆ.

ಮನುಷ್ಯ ಸತ್ತ ಕೂಡಲೇ ವೈರಸ್ ಸಾಯುವುದಿಲ್ಲ. ಶೈತ್ಯಾಗಾರದಲ್ಲಿಟ್ಟ ಶವಗಳಲ್ಲೂ ಎಚ್‌ಐವಿ ಹಲವು ದಿನ ಜೀವಂತವಾಗಿದ್ದದ್ದು ಕಂಡುಬಂದಿದೆ. ಹೆಪಟೈಟಿಸ್ ಬಿ ಅಂತೂ ಒಣಗಿದ ರಕ್ತದಲ್ಲೇ ಕನಿಷ್ಠ 7 ದಿನ ಉಳಿಯುತ್ತದೆ. ಶವಕ್ಕೆ ಏನು ಕಾಯಿಲೆ ಇತ್ತು ಅಂತ ಬಹುಪಾಲು ಗೊತ್ತೇ ಇರಲ್ಲ. ಹಾಗಾಗಿ ಪ್ರತಿ ಶವವನ್ನೂ ಸೋಂಕಿತ ಎಂದೇ ಭಾವಿಸಿ ಕೆಲಸ ಮಾಡಬೇಕು.

ಜನ ಹೆಚ್ಚು ಹೆದರೋದು ಎಚ್‌ಐವಿಗೆ. ಆಸ್ಪತ್ರೆಗಳಲ್ಲಿ ಸೋಂಕಿತರ ರಕ್ತದ ಸೂಜಿ ಚುಚ್ಚಿಕೊಂಡವರ ಲೆಕ್ಕ ನೋಡಿದರೆ, ಎಚ್‌ಐವಿ ತಗಲುವುದು 1000ಕ್ಕೆ ಸುಮಾರು 3 ಮಂದಿಗೆ. ಹೆಪಟೈಟಿಸ್ ಸಿ 100ಕ್ಕೆ 2ಕ್ಕಿಂತ ಕಡಿಮೆ. ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್ ಬಿ ಮಾತ್ರ 100ಕ್ಕೆ 6ರಿಂದ 30! ವಿಚಿತ್ರ ಅಂದರೆ, ಈ ಮೂರರಲ್ಲಿ ಲಸಿಕೆ ಇರೋದು ಅದಕ್ಕೊಂದಕ್ಕೇ. ಮೊದಲ ಡೋಸ್, ತಿಂಗಳ ನಂತರ ಎರಡನೇದು, 6ನೇ ತಿಂಗಳಿಗೆ ಮೂರನೇದು. ದಿನಗೂಲಿ, ಹೊರಗುತ್ತಿಗೆಯವರಿಗೂ ಕೆಲಸಕ್ಕೆ ಸೇರುವಾಗಲೇ ಇದನ್ನು ಹಾಕಿಸಬೇಕು.

ಕೈಗೆ ಗಾಯವಾದರೆ ತಕ್ಷಣ ಸೋಪು ಹಚ್ಚಿ ಹರಿಯುವ ನೀರಲ್ಲಿ ತೊಳೆಯಬೇಕು. ಹಿಂಡುವುದು, ಬೆರಳು ಬಾಯಿಗಿಡುವುದು, ಸ್ಪಿರಿಟ್ ಸುರಿಯುವುದು ಬೇಡ. ‘ಸಣ್ಣ ಗಾಯ, ನಾಳೆ ನೋಡೋಣ’ ಅನ್ನುವುದೇ ತಪ್ಪು. ಎಚ್‌ಐವಿ ತಡೆಯುವ ಮಾತ್ರೆ ಸಾಧ್ಯವಾದರೆ 2 ಗಂಟೆಯೊಳಗೆ, ತಡವೆಂದರೂ 72 ಗಂಟೆಯೊಳಗೆ ಶುರುವಾಗಿ 28 ದಿನ ನಡೆಯಬೇಕು. ಹೆಪಟೈಟಿಸ್ ಬಿ ಲಸಿಕೆ ಆಗಿಲ್ಲದವರಿಗೆ ಇಮ್ಯುನೋಗ್ಲೋಬ್ಯುಲಿನ್ ಇಂಜೆಕ್ಷನ್, ಜೊತೆಗೆ ಲಸಿಕೆ 24 ಗಂಟೆಯೊಳಗೆ ಸಿಗುವುದು ಒಳ್ಳೆಯದು. ಹೆಪಟೈಟಿಸ್ ಸಿಗೆ ಮುನ್ನೆಚ್ಚರಿಕೆ ಔಷಧ ಇಲ್ಲ, ಆದರೆ ಪರೀಕ್ಷೆಯಲ್ಲಿ ಪತ್ತೆಯಾದರೆ ಮಾತ್ರೆಯಿಂದಲೇ ಬಹುತೇಕ ವಾಸಿ. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಈ ಚಿಕಿತ್ಸೆ ಉಚಿತ.

ಮನೆಯವರು ಶವ ಮುಟ್ಟಿದರೆ ಈ ವೈರಸ್‌ಗಳು ಅಂಟುವುದಿಲ್ಲ. ಸ್ನಾನ ಮಾಡಿಸುವಾಗ ಹೊಲಿಗೆಯಿಂದ ರಕ್ತ ಒಸರುತ್ತಿದ್ದರೆ, ಅಥವಾ ಕೈಯಲ್ಲಿ ಗಾಯವಿದ್ದರೆ ಗ್ಲೌಸ್ ಹಾಕಿಕೊಂಡರೆ ಸಾಕು. ಮೆಡಿಕಲ್ ಶಾಪ್‌ಗಳಲ್ಲಿ ಸಿಗುತ್ತದೆ.